ಬಂದೂಕಿನ ಹಿಡಿಗೆ ಎಣ್ಣೆ: ಹೆಚ್ಚಾದರೆ ಅಂಟು

ಮಾನ್ಯ ಸಂಪಾದಕರೇ,

ಬಂದೂಕಿನ ಮರದ ಹಿಡಿಗೆ ಧಾರಾಳವಾಗಿ ಎಣ್ಣೆ ಬಳಿದು ಬಿಸಿಲಿಗಿಟ್ಟರೆ ಹೊಳಪು ಬರುತ್ತದೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಬರುವುದು ಹೊಳಪಲ್ಲ, ಅಂಟು. ಅಗಸೆ ಎಣ್ಣೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಪದರ ದಪ್ಪವಾದರೆ ಮೇಲಷ್ಟೇ ಕೆನೆಗಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ತೆಂಗಿನೆಣ್ಣೆಯಂತೂ ಎಂದಿಗೂ ಗಟ್ಟಿಯಾಗದು.

ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಲೋಹದ ಭಾಗಗಳನ್ನು ಬಿಚ್ಚಿಡಿ. 150, 220, 320ರ ಸ್ಯಾಂಡ್‌ಪೇಪರಿನಿಂದ (ಸಂಖ್ಯೆ ಹೆಚ್ಚಿದಷ್ಟೂ ನಯ) ಇದೇ ಕ್ರಮದಲ್ಲಿ ಮರದ ಎಳೆಯ ಗುಂಟ ಉಜ್ಜಿ. ಲೋಹ ಕೂರುವ ಅಂಚುಗಳನ್ನು ಮುಟ್ಟಬೇಡಿ, ಸಂದು ಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಮರದ ನಾರು ಏಳುತ್ತದೆ. ಒಣಗಿದ ಮೇಲೆ ಆ ನಾರನ್ನು 320ರಲ್ಲೇ ಹಗುರವಾಗಿ ಉಜ್ಜಿ ತೆಗೆಯಿರಿ.

‘ಬಾಯ್ಲ್ಡ್’ ಎಂದು ಮಾರುವ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ. ಮನೆಯಲ್ಲಿ ಕಾಯಿಸಿದರೆ ಅದಾಗದು, ಬೆಂಕಿಯ ಅಪಾಯ ಬೇರೆ. ಮೊದಲ ಪದರಕ್ಕೆ ಈ ಎಣ್ಣೆಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ಬಳಿದು, 15 ನಿಮಿಷ ಬಿಟ್ಟು ಒರೆಸಿ. ವಾಲ್‌ನಟ್ ಮರದ ರಂಧ್ರ ತುಂಬಲು ಎರಡನೆಯ ಪದರವನ್ನು 400ರ ಕಾಗದದಿಂದ ಎಣ್ಣೆಯಲ್ಲೇ ಉಜ್ಜಿ, ಏಳುವ ಕೆಸರನ್ನು ಎಳೆಗೆ ಅಡ್ಡವಾಗಿ ಒರೆಸಿ. ಆಮೇಲೆ ಪ್ರತಿ ಸಲ ನಾಲ್ಕೈದು ಹನಿ ಮಾತ್ರ: ಅಂಗೈ ಬಿಸಿಯೇರುವವರೆಗೆ ತಿಕ್ಕಿ, ಉಳಿದದ್ದನ್ನು ಒರೆಸಿ, ಕನಿಷ್ಠ 24 ಗಂಟೆ ಬಿಡಿ. ಹವೆ ತೇವವಾಗಿದ್ದರೆ ಇನ್ನೂ ಹೆಚ್ಚು. ಎಂಟು ಹತ್ತು ಪದರ ಬೇಕು. ಅವಸರದವರು ವಾರ್ನಿಶ್ ಬಳಿಯುವುದೇ ಲೇಸು. ಭುಜಕ್ಕೊತ್ತುವ ತುದಿಯ ತಟ್ಟೆಯಡಿಯ ಮರವೇ ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿಗೂ ಎಣ್ಣೆ ಹಚ್ಚಿ.

ಎಣ್ಣೆಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಮುಚ್ಚಳವಿರುವ ಲೋಹದ ಡಬ್ಬದಲ್ಲಿಡಿ.

– ಒಬ್ಬ ಮರಗೆಲಸಗಾರ