ರೋಗಿಯ ಮನೆಯಲ್ಲಿರುವ ಮಗುವನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ತಾಯಿಯೋ ತಂದೆಯೋ ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗೆ ಆಸ್ಪತ್ರೆ ಸೇರುವಾಗ ವಯಸ್ಸು, ರಕ್ತದ ಗುಂಪು, ಸಕ್ಕರೆ ಕಾಯಿಲೆ, ರೇಷನ್ ಕಾರ್ಡು ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ, ಅವರನ್ನು ನೋಡಿಕೊಳ್ಳುವವರು ಯಾರು ಎಂದು ಮಾತ್ರ ನಮ್ಮನ್ನು ಯಾರೂ ಕೇಳಲಿಲ್ಲ. ನನ್ನ ಮಗಳು ಸ್ತನ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಳೆ. ಅವಳ ಎಂಟು ವರ್ಷದ ಮಗನಿಗೆ, ಗಮನ ಒಂದೆಡೆ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಯಾದ ಎಡಿಎಚ್‌ಡಿ ಇದೆ. ಅಳಿಯ ಆಸ್ಪತ್ರೆಗೂ ಕಚೇರಿಗೂ ಓಡಾಡುತ್ತಿರುವುದರಿಂದ ಮೊಮ್ಮಗ ನನ್ನ ಕೈಯಲ್ಲೇ ಇದ್ದಾನೆ.

ಎಡಿಎಚ್‌ಡಿ ಬರಿಯ ತುಂಟತನವಲ್ಲ, ಮುದ್ದು ಮಾಡಿ ಕೆಡಿಸಿದ್ದರ ಫಲವೂ ಅಲ್ಲ. ಅದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ. ಏಳುವ, ಉಣ್ಣುವ, ಮಲಗುವ ಹೊತ್ತು ದಿನವೂ ಒಂದೇ ಆಗಿದ್ದರೆ ಇಂಥ ಮಗು ಒಂದಿಷ್ಟು ನೆಲೆ ನಿಲ್ಲುತ್ತದೆ. ಕೀಮೊಥೆರಪಿ ಮೊದಲು ಕೆಡಿಸುವುದೇ ಆ ಕ್ರಮವನ್ನು. ಔಷಧಿ ಕೊಟ್ಟ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ತಗಲುವ ಭಯವಿರುವುದರಿಂದ, ಮಗುವಿಗೆ ನೆಗಡಿ ಬಂದರೆ ತಾಯಿಯಿಂದ ದೂರ ಇಡಬೇಕಾಗುತ್ತದೆ. ಅಮ್ಮನ ಸೆರಗು ಹಿಡಿದೇ ನಿದ್ದೆ ಹೋಗುತ್ತಿದ್ದ ಹುಡುಗ ಈಗ ಮಾಸ್ಕ್ ಹಾಕಿಕೊಂಡು ಕೋಣೆಯ ಹೊಸ್ತಿಲಲ್ಲಿ ನಿಂತು, "ಅಜ್ಜಿ, ಇವತ್ತು ಒಳಗೆ ಹೋಗಬಹುದಾ?" ಎಂದು ಕೇಳುತ್ತಾನೆ. ಬೇಡವೆಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ, ನನ್ನನ್ನೂ ಹೊಡೆಯುತ್ತಾನೆ. ಅದು ಕೆಟ್ಟತನವಲ್ಲ, ಹೆದರಿಕೆ ಎಂದು ನನಗೆ ಗೊತ್ತು. ಆದರೂ ರಾತ್ರಿ ಅವನು ಮಲಗುವ ಹೊತ್ತಿಗೆ ನನ್ನಲ್ಲಿ ತ್ರಾಣ ಉಳಿದಿರುವುದಿಲ್ಲ.

ನೋಡಲು ಬರುವ ನೆಂಟರಲ್ಲಿ ಕೆಲವರು ಮಗುವಿನ ಎದುರಿಗೇ "ನಿನ್ನ ಕಾಟಕ್ಕೇ ಅಮ್ಮನಿಗೆ ಹೀಗಾಯಿತು" ಎಂದುಬಿಡುತ್ತಾರೆ. ದಯವಿಟ್ಟು ಯಾರೂ ಹೀಗೆ ಹೇಳಬೇಡಿ. ತನ್ನಿಂದಲೇ ಹೀಗಾಯಿತೇನೋ ಎಂಬ ಅಳುಕು ಈ ವಯಸ್ಸಿನ ಮಕ್ಕಳಲ್ಲಿ ಮೊದಲೇ ಇರುತ್ತದೆ. ದೊಡ್ಡವರ ಮಾತು ಅದನ್ನು ನಿಜ ಮಾಡಿಬಿಡುತ್ತದೆ. ಅಮ್ಮ ಊರಿಗೆ ಹೋಗಿದ್ದಾಳೆಂದು ಸುಳ್ಳು ಹೇಳುವುದರಿಂದಲೂ ಒಳ್ಳೆಯದಾಗುವುದಿಲ್ಲ. ಕಾಯಿಲೆಯ ಹೆಸರು ಹೇಳಿ, ಅದು ನಿನ್ನಿಂದ ಬಂದದ್ದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ, ನಿನ್ನನ್ನು ನೋಡಿಕೊಳ್ಳಲು ಇಂಥವರಿದ್ದಾರೆ ಎಂದು ತಿಳಿಸುವುದೇ ಸರಿ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಸ್ಪತ್ರೆಯ ದಿನಗಳಿಗೆ ಕೆಂಪು ಗುರುತು ಹಾಕಿ, ಅಂದು ಶಾಲೆಯಿಂದ ಕರೆತರುವವರ ಹೆಸರನ್ನು ಅವನ ಕೈಯಲ್ಲೇ ಬರೆಸುತ್ತಿದ್ದೇನೆ. ರಂಪ ನಿಂತಿಲ್ಲ, ಆದರೆ ಬೆಳಿಗ್ಗೆ ಎದ್ದು ತಾನೇ ಹೋಗಿ ಅದನ್ನು ನೋಡುತ್ತಾನೆ.

ಶಾಲೆಯವರು, ತಾಯಿಯ ಚಿಕಿತ್ಸೆ ಮುಗಿಯುವವರೆಗೆ ಹುಡುಗನನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಸೂಚಿಸಿದರು. ಎಲ್ಲವೂ ಅಲ್ಲಾಡುತ್ತಿರುವಾಗ ಆ ಮಗುವಿಗೆ ಬದಲಾಗದೆ ಉಳಿದಿರುವುದು ಶಾಲೆಯೊಂದೇ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಹೆಸರು ತೆಗೆಯದೆ ಮನೆಯಲ್ಲಿ ಕೂರಿಸುವುದೂ ಹೊರಹಾಕಿದಂತೆಯೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ನಗರದಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಮತ್ತು ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ, ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕ್ಯಾನ್ಸರ್ ಚಿಕಿತ್ಸೆ ನೀಡುವ ಪ್ರತಿಯೊಂದು ಆಸ್ಪತ್ರೆಯೂ ದಾಖಲಾತಿಯ ವೇಳೆಯಲ್ಲೇ ಮಕ್ಕಳ ಬಗ್ಗೆ ವಿಚಾರಿಸಿ, ಅಗತ್ಯವಿದ್ದರೆ ಸಮಾಜ ಕಾರ್ಯಕರ್ತರ ಮೂಲಕ ಅಂಥ ವಿಭಾಗಕ್ಕೆ ಚೀಟಿ ಬರೆದುಕೊಡುವ ಮತ್ತು ಶಾಲೆಗೆ ಪತ್ರ ಕಳಿಸುವ ಪದ್ಧತಿ ಬರಬೇಕು. ಹಗಲು ರಾತ್ರಿ ಉಚಿತವಾಗಿ ಸಿಗುವ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆಯನ್ನು ಕೀಮೊಥೆರಪಿ ವಾರ್ಡುಗಳ ಗೋಡೆಯ ಮೇಲೂ ಬರೆಸಲಿ. ಚಿಕಿತ್ಸೆಯ ಅವಧಿಯಲ್ಲಿ ಇಂಥ ಮಕ್ಕಳನ್ನು ಮನೆಗೆ ಕಳಿಸದಂತೆ ಶಿಕ್ಷಣ ಇಲಾಖೆ ಶಾಲೆಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಅಜ್ಜಿ
ಬನಶಂಕರಿ, ಬೆಂಗಳೂರು