ತೋಟಾ ಖಾಲಿ ಅಂದಾಗ ವಾಪಸ್ ಹೋದವರಿಗೆ

ನಮ್ಮ ಕೋವಿ ಅಂಗಡಿಗೆ ಈ ತಿಂಗಳು 60 ವರ್ಷ ತುಂಬಿತು. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದು 2 ವಾರ ಆಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಕೆ ಹೋದರೆ ಮುಗಿಯಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅಜ್ಜ ದಕ್ಷಿಣ ಕೊಡಗಿನ ಈ ಸಂತೆ ಊರಿಗೆ ಬಂದದ್ದು ಕೋವಿ ರಿಪೇರಿಗೆ. ಆಗ ಮಸಿ, ಅಂದರೆ ಕೋವಿ ಮದ್ದು, ತುಂಬಿ ಹೊಡೆಯುವ ಕೇಪಿನ ಕೋವಿಗಳೇ ಜಾಸ್ತಿ. ಸ್ಪ್ರಿಂಗ್ ಮುರಿದದ್ದು, ಕೋವಿಯ ಕುದುರೆ ಸಡಿಲ ಆದದ್ದು, ಮರದ ಹಿಡಿ ಸೀಳಿದ್ದು, ಎಲ್ಲಾ ಅಜ್ಜನ ಬೆಂಚಿಗೆ ಬರುತ್ತಿತ್ತು. ಆಮೇಲೆ ಲೈಸೆನ್ಸ್ ತೆಗೆದುಕೊಂಡು ತೋಟಾ, ಅಂದರೆ ಕೋವಿಗೆ ಹಾಕುವ ಕಾರ್ಟ್ರಿಜ್, ಮಾರಲು ಶುರು ಮಾಡಿದರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ, ಇನ್ನು ಬೇಟೆಯೇ ಇಲ್ಲ, ಬಾಗಿಲು ಹಾಕೋದೇ ಅಂತ ಅಜ್ಜಿ ಅಂದುಕೊಂಡಿದ್ದರಂತೆ. ಆದರೆ ಕೊಡಗಿನಲ್ಲಿ ಕೋವಿ ಬರೀ ಬೇಟೆಗಲ್ಲವಲ್ಲ. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು ಹಾರಬೇಕು. ಆಯುಧ ಪೂಜಿಸುವ ಹಬ್ಬ, ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ ಮುಂಚಿನ ವಾರ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ನಳಿಗೆಗೆ ಎಣ್ಣೆ ಹಾಕಿ ಒರೆಸಿ ಕೊಟ್ಟ ಕೋವಿ ಮನೆಗೆ ಹೋಗಿ ತೋಕ್ ಪೂ (ಕೋವಿ ಹೂವು) ಮುಡಿದು ಪೂಜೆಗೆ ನಿಲ್ಲುತ್ತೆ, ಅಕ್ಕಿಯ ಕಡಂಬಿಟ್ಟು, ಹಂದಿ ಮಾಂಸದ ಪಂದಿ ಕರಿ ಊಟ ಆಮೇಲೆ.

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಡಲು ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹೊರಗಿನವರು ಇದನ್ನು ಕೇಳಿ, ಅಲ್ಲಿ ತೋಟಾ ಕಡಲೆಕಾಯಿ ಥರ ಸಿಗುತ್ತಾ ಅಂತಾರೆ. ಒಂದೊಂದು ತೋಟಾಕ್ಕೂ ರಿಜಿಸ್ಟರ್ ಇದೆ ಮಾರಾಯ್ರೇ, ಲೆಕ್ಕ ತಪ್ಪಿದರೆ ಅಂಗಡಿಯೇ ಹೋಯಿತು.

ಅಪ್ಪ ಮಾತ್ರ ಪತ್ರಕ್ಕಿಂತ ಮೊದಲು ಮುಖ ನೋಡುತ್ತಿದ್ದರು. ಕುಡಿದು ಬಂದವರಿಗೆ, ಗಡಿ ಜಗಳದ ಬಿಸಿಯಲ್ಲಿ ಬಂದವರಿಗೆ, ಯಾಕೋ ಜಾಸ್ತಿ ಸುಮ್ಮನಿದ್ದವರಿಗೆ ಒಂದೇ ಉತ್ತರ: "ತೋಟಾ ಖಾಲಿ, ಮುಂದಿನ ವಾರ ಬನ್ನಿ." ಹಿಂದಿನ ಪೆಟ್ಟಿಗೆಯಲ್ಲಿ ತುಂಬಿರುತ್ತಿತ್ತು! ವ್ಯಾಪಾರ ಬಿಟ್ಟು ಸುಳ್ಳು ಹೇಳ್ತಾರಲ್ಲ ಅಂತ ನಾನು ಸಿಡುಕುತ್ತಿದ್ದೆ. ಕಾಫಿ ರೇಟು ನೆಲ ಕಚ್ಚಿದ್ದ ಒಂದು ವರ್ಷ ಹಾಗೆ ವಾಪಸ್ ಹೋದ ಒಬ್ಬರ ಹೆಂಡತಿ, ಆರು ತಿಂಗಳಾದ ಮೇಲೆ ಒಂದು ಚೀಲ ಕಿತ್ತಳೆ ತಂದು ಕೌಂಟರ್ ಮೇಲೆ ಇಟ್ಟರು. ಏನೂ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ. ಅವತ್ತಿನಿಂದ ನಾನು ಸಿಡುಕೋದು ಬಿಟ್ಟೆ.

ಈ ಮಳೆಗಾಲ ಅಪ್ಪನಿಗೆ ಸ್ಟ್ರೋಕ್ ಆಯಿತು. ಅಂಗಡಿ ಮುಚ್ಚಿತ್ತು, ನಿಮ್ಮ 11 ಕೋವಿಗಳು ಒಳಗೇ ಇದ್ದವು, ಕೈಲ್ ಮುಹೂರ್ತ ಬಂದು ಹೋಯಿತು. ಒಬ್ಬರೂ ಜೋರು ಮಾಡಲಿಲ್ಲ. ಪೂಜೆಗೆ ಒಡಿಕತ್ತಿ (ಕೊಡವರ ಅಗಲ ಕತ್ತಿ) ಇದೆ ಬಿಡಮ್ಮ, ಅಪ್ಪನ್ನ ನೋಡ್ಕೋ ಅಂದಿರಿ. ಪಕ್ಕದ ತಾಲ್ಲೂಕಿನ ಕೋವಿ ಅಂಗಡಿಯವರು, ಅಂದರೆ ನಮಗೆ ಪೈಪೋಟಿಯವರೇ, ಎರಡು ಭಾನುವಾರ ಬಂದು ನನ್ನ ಜೊತೆ ಕೂತು ರಿಜಿಸ್ಟರ್ ಲೆಕ್ಕ ಸರಿ ಮಾಡಿಕೊಟ್ಟರು. ಎದುರಿನ ಬಟ್ಟೆ ಅಂಗಡಿ ಅಕ್ಕ ಆಸ್ಪತ್ರೆಗೆ ದಿನಾ ಗಂಜಿ ಕಳಿಸಿದರು. ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಇಷ್ಟು ವರ್ಷ "ಖಾಲಿ" ಅಂದಾಗ ಬೈದುಕೊಂಡಾದರೂ ವಾಪಸ್ ಹೋದವರಿಗೆ ಇನ್ನೂ ಜಾಸ್ತಿ ಥ್ಯಾಂಕ್ಸ್. ನಿಮ್ಮಲ್ಲಿ ಅರ್ಧ ಜನಕ್ಕೆ ಅದು ಸುಳ್ಳು ಅಂತ ಗೊತ್ತಿತ್ತು ಅಲ್ವಾ?

ಸೋಮವಾರ ಬಾಗಿಲು ತೆರೆಯುತ್ತೇವೆ. ರಿಪೇರಿಗೆ ಬಿಟ್ಟವರು ರಸೀದಿ ತನ್ನಿ. ಅಪ್ಪ ಕುರ್ಚಿಯಲ್ಲಿ ಕೂತಿರುತ್ತಾರೆ, ಮಾತಾಡಿಸಿ. ನಾಲಿಗೆ ಇನ್ನೂ ತೊದಲುತ್ತೆ. "ಖಾಲಿ" ಅನ್ನೋದು ಮಾತ್ರ ಸ್ಪಷ್ಟವಾಗಿ ಬರುತ್ತೆ.