ಬೇಡ ಎಂದವರಿಗೂ ನಮಸ್ಕಾರ

ಕಳೆದ ವಾರ, ಕಡಲಿನಲ್ಲಿ ತೇಲುವ ನಮ್ಮ ಬಲೆಪಂಜರಗಳಲ್ಲಿ ಕೊನೆಯದರ ಚಿನುಕ್ ಸಾಲ್ಮನ್ ಮೀನನ್ನು ಹಿಡಿದು ಮುಗಿಸಿದೆವು. ಹಿಂದಿನ ಬೇಸಿಗೆಯ ಕೊನೆಗೆ ಈ ಮೀನು ಮಾರುಕಟ್ಟೆಯ ಮುಖ ನೋಡುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹಾಗಾಗಿ ಜೊತೆಗೆ ನಿಂತವರ ಋಣವನ್ನು ಬರೆದಾದರೂ ಒಪ್ಪಿಕೊಳ್ಳೋಣವೆಂದು ಕುಳಿತಿದ್ದೇನೆ. ಇವರಲ್ಲಿ ಹೆಚ್ಚಿನವರಿಗೆ ಕನ್ನಡ ಬಾರದು. ಅವರಿಗೆ ‘ಕ್ಲೆಕೊ ಕ್ಲೆಕೊ’ (ಧನ್ಯವಾದ) ಎಂದು ಅವರ ಮಾತಿನಲ್ಲೇ, ಎದುರಿಗೇ ಹೇಳಿಯಾಗಿದೆ. ಇದು ಹೊನ್ನಾವರದ ನಮ್ಮ ಮನೆಯವರಿಗೆ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಸಹಪಾಠಿಗಳಿಗೆ ಮತ್ತು ‘ಅಷ್ಟು ದೂರ ಹೋಗಿ ಮೀನು ಸಾಕುವುದೇ?’ ಎಂದು ಈಗಲೂ ಕೇಳುವ ಹಿತೈಷಿಗಳಿಗೆ.

ನಾನಿರುವುದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ದ್ವೀಪದ ಟೊಫಿನೊ ಎಂಬ ಪುಟ್ಟ ಊರಿನಲ್ಲಿ. ಇಲ್ಲಿನ ಕ್ಲಾಕ್ವಾಟ್ ಸೌಂಡ್ ಹಲವು ಕವಲುಗಳಾಗಿ ಕಾಡಿನೊಳಕ್ಕೆ ನುಗ್ಗಿದ ಕಡಲು. ನಮ್ಮ ಪಂಜರಗಳು ತೇಲುವುದು ಟ್ಲಾ-ಓ-ಕ್ವಿ-ಅಟ್ ಜನರ ನೀರಿನಲ್ಲಿ. ನೂ-ಚಾ-ನುಲ್ತ್ ಎಂಬ ಮೂಲನಿವಾಸಿ ಸಮುದಾಯಗಳಲ್ಲಿ ಒಂದಾದ ಇವರು 1984ರಲ್ಲಿ ಮಿಯರ್ಸ್ ದ್ವೀಪವನ್ನು ತಮ್ಮ ಬುಡಕಟ್ಟು ಉದ್ಯಾನವೆಂದು ಘೋಷಿಸಿ, ಮರ ಕಡಿಯಲು ಬಂದವರನ್ನು ದಡದಲ್ಲೇ ತಡೆದವರು. 1993ರಲ್ಲಿ ಇದೇ ಸೀಮೆಯ ಕಾಡು ಉಳಿಸುವ ಹೋರಾಟದಲ್ಲಿ 800ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅಂಥ ಜಾಗದಲ್ಲಿ ಮೀನು ಸಾಕಬೇಕೆಂದರೆ ಸರ್ಕಾರದ ಪರವಾನಗಿಯೊಂದೇ ಸಾಲದು, ಅಲ್ಲಿಯ ವಂಶಪರಂಪರೆಯ ಮುಖಂಡರ ಒಪ್ಪಿಗೆಯೂ ಬೇಕು.

ಹಿಂದಿನ ಬೇಸಿಗೆಯಲ್ಲಿ ಆದದ್ದಿಷ್ಟು. ಗಾಳಿ ನಿಂತಿತು, ಬಿಸಿಲು ಏರಿತು, ನೀರಿನ ಬಣ್ಣ ಚಹಾದತ್ತ ತಿರುಗಿತು. ಕಪ್ಪು-ಬಿಳುಪು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರೆ ಎರಡು ಮಾರು ದಾಟುವ ಮೊದಲೇ ಮಾಯವಾಗುತ್ತಿತ್ತು. ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೀಟೋಸೆರಾಸ್ ಪಾಚಿ. ಒಂದಕ್ಕೊಂದು ಸರಪಳಿಯಾಗಿ ಅಂಟಿದ ಕೋಶಗಳು, ಪ್ರತಿ ಕೋಶಕ್ಕೂ ಉದ್ದನೆಯ ಮುಳ್ಳು. ಈ ಮುಳ್ಳು ಮೀನಿನ ಕಿವಿರಿಗೆ ನಾಟುತ್ತದೆ, ಕಿವಿರು ಲೋಳೆ ಸುರಿಸುತ್ತದೆ, ಮೀನು ನೀರಿನೊಳಗೇ ಉಸಿರುಗಟ್ಟುತ್ತದೆ. ಲೀಟರಿಗೆ 6 ಮಿಲಿಗ್ರಾಂಗಿಂತ ಆಮ್ಲಜನಕ ಇಳಿದರೂ ಸಾಲ್ಮನ್‌ಗೆ ಕಷ್ಟ; ನಮ್ಮಲ್ಲಿ ಬೆಳಗಿನ ಜಾವ ಅದಕ್ಕೂ ಕೆಳಗೆ ಹೋಗುತ್ತಿತ್ತು. ಇದಕ್ಕೆ ಔಷಧವಿಲ್ಲ. ಮೇವು ನಿಲ್ಲಿಸಬೇಕು, ಏಕೆಂದರೆ ತಿಂದದ್ದನ್ನು ಅರಗಿಸಲೂ ಆಮ್ಲಜನಕ ಬೇಕು. ಪಂಜರದ ಸುತ್ತ ತಾಡಪಾಲು ಇಳಿಬಿಟ್ಟು, ಆಳದಲ್ಲಿ ಗಾಳಿ ಊದಿ, ಅಲ್ಲಿಯ ತಣ್ಣನೆಯ ಶುದ್ಧ ನೀರನ್ನು ಮೇಲಕ್ಕೆತ್ತಬೇಕು. ಆಮೇಲೆ ಕಾಯಬೇಕು.

ಕಾಯುವಾಗ ಜೊತೆಗಿದ್ದವರಲ್ಲಿ ಮೊದಲನೆಯವರು ಮುಳುಗುಗಾರರು. ಹಸಿದ ಮೀನುಗಳ ಮಧ್ಯೆ ಇಳಿದು ತಳದ ಬಲೆಯಿಂದ ಸತ್ತವನ್ನು ಆರಿಸಿ ತರುವುದು ಯಾರೂ ಫೋಟೊ ತೆಗೆಯದ ಕೆಲಸ. ಪ್ರತಿಯೊಂದನ್ನೂ ಎಣಿಸಿ, ಕಿವಿರು ಬಿಡಿಸಿ ನೋಡಿ, ಗೊಬ್ಬರಕ್ಕೆ ಕಳಿಸುವವರೆಗೂ ಅವರು ಮನೆಗೆ ಹೋಗುತ್ತಿರಲಿಲ್ಲ. ಗಾಳಿಯಂತ್ರ ಕೆಟ್ಟ ರಾತ್ರಿ ಓಪಿಟ್ಸಾಟ್ ಹಳ್ಳಿಯಿಂದ ತನ್ನ ದೋಣಿಯಲ್ಲೇ ಬದಲಿ ಯಂತ್ರ ಹೇರಿಕೊಂಡು ಬಂದ ಹುಡುಗನಿಗೂ ಶರಣು. ಅವನು ನಮ್ಮ ನೌಕರನೂ ಅಲ್ಲ. ಬಾಡಿಗೆ ಎಷ್ಟೆಂದು ಕೇಳಿದರೆ ನಕ್ಕು, ಮುಂದಿನ ಸಲ ಊಟಕ್ಕೆ ಕರೆ ಎಂದು ಹೋದ.

ಇನ್ನು ಆಂಟಿ. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತದೆ. ನನಗೆ ಅವರನ್ನು ಕಂಡರೆ ದೊಡ್ಡಮ್ಮನ ನೆನಪು, ಅದೇ ಪ್ರೀತಿ, ಅದೇ ಅಂಜಿಕೆ. ಆಂಟಿಗೆ ನಮ್ಮ ಪಂಜರಗಳು ಇಷ್ಟವಿಲ್ಲ. ಅದನ್ನು ಅವರು ಮುಚ್ಚಿಟ್ಟೂ ಇಲ್ಲ. ಪ್ರತಿ ಸಭೆಯಲ್ಲೂ ಅವರ ಪ್ರಶ್ನೆಗಳು ಸಿದ್ಧ: ಎಷ್ಟು ಸತ್ತವು? ಎಲ್ಲಿ ಹಾಕಿದಿರಿ? ಮೀನಿನ ಮೈಗೆ ಅಂಟಿ ಬದುಕುವ ಸಮುದ್ರ ಹೇನು ಎಷ್ಟು ಎಣಿಸಿದಿರಿ? ವಸಂತದಲ್ಲಿ ನಮ್ಮ ಹೊಳೆಯ ಮರಿಗಳು ಕಡಲಿಗೆ ಇಳಿಯುವ ಹೊತ್ತಿಗೆ ಆ ಹೇನು ಕಡಿಮೆಯಾಗಿರುತ್ತದೆಯೇ? ಹಿಂದೊಮ್ಮೆ ಇನ್ನೊಂದು ಕವಲಿನಲ್ಲಿ ಹೊಸ ಪಂಜರ ಹಾಕುವ ಮಾತು ಬಂದಿತ್ತು. ನಮ್ಮ ನಕ್ಷೆಗಳ ಪ್ರಕಾರ ಜಾಗ ಚೆನ್ನಾಗಿತ್ತು. ಗಾಳಿಯಿಲ್ಲದ ಬೇಸಿಗೆಯಲ್ಲಿ ಅಲ್ಲಿಯ ನೀರು ಮಗ್ಗುಲು ಬದಲಿಸುವುದೇ ಇಲ್ಲ ಎಂದು ಆಂಟಿ ಹೇಳಿದರು, ಹಿರಿಯರು ಬೇಡವೆಂದರು, ಪ್ರಸ್ತಾಪ ಅಲ್ಲಿಗೇ ಬಿತ್ತು. ಪಾಚಿ ಬಂದಾಗ ನೀರು ಎಲ್ಲಕ್ಕಿಂತ ಮೊದಲು ಕೆಟ್ಟದ್ದು, ಎಲ್ಲಕ್ಕಿಂತ ತಡವಾಗಿ ತಿಳಿಯಾದದ್ದು ಆ ಕವಲಿನಲ್ಲೇ. ನಮ್ಮ ಅರ್ಧ ಮೀನು ಅಲ್ಲಿದ್ದಿದ್ದರೆ ಇಂದು ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ಸಹಭಾಗಿತ್ವ ಎಂದರೆ ಕೈಕುಲುಕಿದ ಚಿತ್ರವಲ್ಲ, ಎದುರಿನವರಿಗೆ ಬೇಡ ಎನ್ನುವ ಅಧಿಕಾರವಿರುವುದು. ನನಗೆ ಅದು ತಿಳಿದದ್ದು ಹೀಗೆ. ನಾನು ಇದನ್ನು ಹೇಳಿದಾಗ ಆಂಟಿ ಸಂತೋಷಪಡಲಿಲ್ಲ. ಹೇನಿನ ಲೆಕ್ಕ ಕೇಳಿದರು.

ಬಲೆ ತೊಳೆಯುವವರನ್ನು ಮರೆತರೆ ಪಾಪ ಬಂದೀತು. ಕೆನಡಾದಲ್ಲಿ ಸಾವಯವ ಮೀನು ಸಾಕಣೆಗೆ ಮಾನದಂಡ ಬಂದದ್ದು 2012ರಲ್ಲಿ. ಪ್ರತಿಜೀವಕ ಕೂಡದು, ಬೆಳವಣಿಗೆಯ ಹಾರ್ಮೋನು ಕೂಡದು, ಕುಲಾಂತರಿ ಕೂಡದು, ಪಂಜರದಲ್ಲಿ ಮೀನಿನ ದಟ್ಟಣೆಗೂ ಮಿತಿ. ನಾವು ಬಲೆಗೆ ತಾಮ್ರದ ಲೇಪವನ್ನೂ ಹಚ್ಚುವುದಿಲ್ಲ. ಪರಿಣಾಮವಾಗಿ ಕಡಲಿನ ಸಕಲ ಕಳೆಯೂ ಚಿಪ್ಪೂ ಅದರ ಮೇಲೆ ಸಂಸಾರ ಹೂಡುತ್ತವೆ, ಮತ್ತೆ ಮತ್ತೆ ತೊಳೆಯಬೇಕು. ಬಲೆಯ ಕಣ್ಣು ಮುಚ್ಚಿದರೆ ನೀರು ಹರಿಯದು; ಪಾಚಿಯ ದಿನಗಳಲ್ಲಿ ಅದು ಸಾವು-ಬದುಕಿನ ಮಾತು. ಅಂಗಡಿಯಲ್ಲಿ ಸಾವಯವ ಎಂಬ ಚೀಟಿ ನೋಡಿ ಹೆಚ್ಚು ದುಡ್ಡು ಕೊಡುವವರು ಆ ದುಡ್ಡಿನಲ್ಲಿ ಕೊಳ್ಳುವುದು ಬಹುಮಟ್ಟಿಗೆ ಈ ಜನರ ಬೆನ್ನುನೋವನ್ನು.

ನಾವಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸಾಕಣೆ ಕೇಂದ್ರಗಳಲ್ಲಿ ಹೆಚ್ಚಿನವು ಸಾಕುವುದು ಅಟ್ಲಾಂಟಿಕ್ ಸಾಲ್ಮನ್, ಅಂದರೆ ಬೇರೆ ಸಾಗರದ ಮೀನು. ಚಿನುಕ್ ಇಲ್ಲಿಯದೇ, ಸಾಕಲು ದುಬಾರಿ, ಸ್ವಭಾವದಲ್ಲಿ ಪುಕ್ಕಲು. ಆದರೆ ಇದೇ ಕೊಲ್ಲಿಯ ಹೊಳೆಗಳಲ್ಲಿ ಕಾಡು ಚಿನುಕ್ ತೀರಾ ಕಡಿಮೆಯಾಗಿದೆ. ನಾವು ಪಂಜರದಲ್ಲಿ ಸಾವಿರಗಟ್ಟಲೆ ಎಣಿಸುವಾಗ ಪಕ್ಕದ ಹೊಳೆಯಲ್ಲಿ ಬೆರಳೆಣಿಕೆ ಎಂಬುದು ನಿದ್ದೆಗೆ ಒಳ್ಳೆಯ ವಿಚಾರವಲ್ಲ. ಟ್ರಾಂಕ್ವಿಲ್ ಹೊಳೆಯಲ್ಲಿ, ಹಿಂದೆ ಮರ ಕಡಿದವರು ಹಾಳುಮಾಡಿದ ಪಾತ್ರವನ್ನು ಸರಿಪಡಿಸಿ ಮೊಟ್ಟೆಯಿಡುವ ಜಾಗ ಮಾಡಿಕೊಡುತ್ತಿರುವ ಟ್ಲಾ-ಓ-ಕ್ವಿ-ಅಟ್ ಕಾವಲುಗಾರರು ನನ್ನನ್ನೂ ಕರೆದುಕೊಂಡು ಹೋದರು. ಚಳಿಗೆ ಬೆರಳು ಮರಗಟ್ಟಿದರೂ ನನ್ನ ಕೆಲಸದ ಅಳತೆ ಅಲ್ಲಿ ಸರಿಯಾಗಿ ಸಿಕ್ಕಿತು. ಅವರಿಗೆ ದೊಡ್ಡ ನಮಸ್ಕಾರ.

ಮುಂದೇನು ಎಂದು ಕೇಳುವವರಿಗೆ: 2029ರ ಜೂನ್ 30ರ ನಂತರ ಬ್ರಿಟಿಷ್ ಕೊಲಂಬಿಯಾದ ಕಡಲಿನಲ್ಲಿ ತೆರೆದ ಬಲೆಪಂಜರದ ಸಾಲ್ಮನ್ ಸಾಕಣೆ ಇರಕೂಡದೆಂದು ಕೆನಡಾ ಸರ್ಕಾರ 2024ರ ಜೂನ್‌ನಲ್ಲಿ ಪ್ರಕಟಿಸಿತು. ಇದರ ಬಗ್ಗೆ ಮೂಲನಿವಾಸಿಗಳೆಲ್ಲರದೂ ಒಂದೇ ದನಿಯಲ್ಲ. ಉತ್ತರದ ಕ್ಲೆಮ್ಟುವಿನ ಕಿಟಾಸೂ ಜನ 1990ರ ದಶಕದಿಂದ ಸಾಲ್ಮನ್ ಸಾಕಣೆಯಲ್ಲಿ ಪಾಲುದಾರರು. ಅದು ನಿಂತರೆ ಹಳ್ಳಿಯ ದುಡಿಮೆ ಹೋಗುತ್ತದೆ ಎನ್ನುತ್ತಾರೆ. ಬ್ರೌಟನ್ ದ್ವೀಪಸಮೂಹದ ಮೂರು ಸಮುದಾಯಗಳು 2018ರಲ್ಲಿ ಪ್ರಾಂತ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಪಂಜರಗಳನ್ನು ತೆಗೆಸುವ ದಾರಿ ಹಿಡಿದವು. ಇಬ್ಬರದೂ ಅವರವರ ನೀರು. ನನ್ನ ಕೆಲಸ ಉಳಿಯಲಿ ಎಂಬ ಆಸೆ ನನಗಿದೆ, ಆದರೆ ಆ ಆಸೆಗಾಗಿ ಬ್ರೌಟನ್‌ನವರ ಮಾತನ್ನು ಅಲ್ಲಗಳೆಯಲಾರೆ.

ಕೊನೆಗೆ ನಮ್ಮ ಊರ ಕಡೆಯವರು. ಪಂಜರ ಎಂದರೇನೆಂದು ನಾನು ಮೊದಲು ನೋಡಿದ್ದು ಕಾರವಾರದಲ್ಲಿ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಬಿಯಾ, ಸೀಬಾಸ್ ಎಂಬ ಕಡಲ ಮೀನುಗಳನ್ನು ಸಾಕುತ್ತಿದ್ದಾಗ. ಅಲ್ಲಿ ಬಲೆಯ ಗಂಟು ಕಲಿಸಿದ ಹರಿಕಾಂತ ಅಜ್ಜನಿಗೆ, ಪಾಚಿಯ ಪಾಠವನ್ನು ಗದರಿಸಿ ಓದಿಸಿದ ಗುರುಗಳಿಗೆ ವಂದನೆ. ಕೆಟ್ಟ ದಿನಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದರೂ ಎತ್ತಿದ ತಂಗಿಗೆ, ಅವಳು ಕಳಿಸಿದ ಮುರುಗಲ ಸಿಪ್ಪೆಗೆ ಬೇರೆಯೇ ಒಂದು ವಂದನೆ. ದೋಣಿಯ ಹುಡುಗನನ್ನು ಊಟಕ್ಕೆ ಕರೆದಾಗ ಅದನ್ನೇ ಹಾಕಿ ಸಾಲ್ಮನ್ ಸಾರು ಮಾಡಿದ್ದೆ. ಅವನು ಎರಡು ಸಲ ಬಡಿಸಿಕೊಂಡ. ನನ್ನ ಅಭಿಪ್ರಾಯ ಕೇಳಿದರೆ, ಸಾರಿಗೆ ಬಂಗುಡೆಯೇ ಸರಿ.